ಬೇರೆ ಬಣ್ಣದ ಹಲ್ಲು

"ಕೊಡಲ್ಲ ಅಂದ್ರೆ ಕೊಡಲ್ಲ!" ಮೆಣಸಿನಕಾಯಿ ಮೇಜು ಗುದ್ದಿದಳು.

ಅಜ್ಜಿಯ ಚಿಮಟದ ತುದಿಯಲ್ಲಿದ್ದ ಸ್ಕ್ರೂ ಎಗರಿ ಮಾಯವಾಯಿತು. ಎಳ್ಳಿಗಿಂತ ಸಣ್ಣ ಸ್ಕ್ರೂ.

"ನಿನ್ನ ಸಿಟ್ಟಿಗಿಷ್ಟು ಬೆಂಕಿ ಹಾಕ! ಹುಡುಕೀಗ!"

ಆ ಬೀದಿಯಲ್ಲಿ ವಾಚ್ ರಿಪೇರಿ ಮಾಡುವವಳು ಅಜ್ಜಿ ಒಬ್ಬಳೇ. ಮೊಮ್ಮಗಳಿಗೆ ಮೆಣಸಿನಕಾಯಿ ಎಂದು ಹೆಸರಿಟ್ಟವಳೂ ಅವಳೇ. ಇಬ್ಬರೂ ಮಂಡಿಯೂರಿ ನೆಲ ತಡಕಿದರು.

"ಏನು ಕೊಡಲ್ವೇ?"

"ಬ್ರಷ್ಷು! ಡ್ರಾಯಿಂಗ್ ಕಾಂಪಿಟಿಷನ್‌ಗೆ ನಮ್ಮ ಕ್ಲಾಸಿನ ಆ ಉದ್ದಜಡೆಯವಳು ಬ್ರಷ್ಷೇ ತಂದಿರಲಿಲ್ಲ. ಪಾಪ ಅಂತ ನಂದು ಕೊಟ್ಟೆ. ಅವಳು ಫೈನಲ್‌ಗೆ ಹೋದ್ಲು, ನಾನು ಔಟ್! ಥ್ಯಾಂಕ್ಸೂ ಹೇಳಲಿಲ್ಲ. ನಾಳೆ ಫೈನಲ್‌ಗೂ ಅದೇ ಬೇಕಂತೆ. ಒಳ್ಳೇದು ಮಾಡಿದ್ರೆ ಒಳ್ಳೇದಾಗುತ್ತೆ ಅಂತಾರಲ್ಲ, ಎಲ್ಲಾಯ್ತು?"

ಮೇಜಿನ ಕಾಲಿನ ಹತ್ತಿರ ಅಜ್ಜಿಗೆ ಸ್ಕ್ರೂ ಸಿಕ್ಕಿತು. ಅದನ್ನು ಮೇಜಿನ ಮೇಲೆ ಬಿಚ್ಚಿಟ್ಟಿದ್ದ ವಾಚಿನಲ್ಲಿ ಕೂರಿಸಿ, ಕೀ ಕೊಟ್ಟು, ತನ್ನ ಪುಟ್ಟ ಭೂತಗನ್ನಡಿಯನ್ನು ಮೊಮ್ಮಗಳ ಕಣ್ಣಿಗೆ ಸಿಕ್ಕಿಸಿದಳು.

ಮೊದಲು ಬರೀ ಮಂಜು. ಆಮೇಲೆ ಅವಳ ಬಾಯಿ ತಾನಾಗಿ ತೆರೆದುಕೊಂಡಿತು. ಹಲ್ಲಿಗೆ ಹಲ್ಲು ಕೊಟ್ಟು ತಿರುಗುವ ಹಳದಿ ಚಕ್ರಗಳು! ದಾಳಿಂಬೆಯ ಚೂರಿನಂಥ ಕೆಂಪು ಕಲ್ಲುಗಳು! ಕೂದಲಿನಂಥ ಸುರುಳಿಯೊಂದು ಉಸಿರಾಡುವ ಹಾಗೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು.

"ನಡುವಿನ ಚಕ್ರ ನೋಡು."

"ಒಂದು ಹಲ್ಲು ಮಾತ್ರ ಬೇರೆ ಬಣ್ಣ ಅಜ್ಜೀ!"

"ಮುರಿದಿತ್ತು. ಯಾರೋ ಕೈಯಲ್ಲೇ ಉಜ್ಜಿ ಉಜ್ಜಿ ಹೊಸದು ಮಾಡಿ ಕೂರಿಸಿದ್ದಾರೆ. ನನ್ನ ಕೈಲಿ ಆಗದ ಕೆಲಸ ಅದು."

ಅಜ್ಜಿ ವಾಚಿನ ಹಿಂದಿನ ಮುಚ್ಚಳವನ್ನು ಮಗುಚಿದಳು. ಒಳಗೆ ಸೂಜಿಯಲ್ಲಿ ಗೀಚಿದ ತಾರೀಖುಗಳಿದ್ದವು. "ರಿಪೇರಿ ಮಾಡಿದೋರು ಗೀಚ್ತೀವಿ. ಮುಂದೆ ಬಿಚ್ಚೋರಿಗೆ ಗೊತ್ತಾಗಲಿ ಅಂತ."

"ಮೊದಲನೇದು ಅಮ್ಮ ಹುಟ್ಟೋಕೂ ಮುಂಚಿಂದು! ಯಾರದು?"

"ಆ ಹಲ್ಲು ಕೂರಿಸಿದೋರದು. ಯಾರೋ, ಯಾರಿಗ್ಗೊತ್ತು? ಹೆಸರಿಲ್ವಲ್ಲ."

ಅಜ್ಜಿ ಇವತ್ತಿನ ತಾರೀಖು ಗೀಚಿ, ಮುಚ್ಚಳ ಒತ್ತಿದಳು. ಟಕ್.

ಅಷ್ಟರಲ್ಲಿ ವಾಚಿನ ಒಡತಿ ನರ್ಸಮ್ಮ ಬಂದರು. ಕಟ್ಟಿಕೊಂಡವರೇ ಮೆಣಸಿನಕಾಯಿಯ ಮಣಿಕಟ್ಟು ಹಿಡಿದು, ಮುಳ್ಳು ನೋಡುತ್ತಾ ನಾಡಿ ಎಣಿಸಿದರು.

"ತೊಂಬತ್ತಾರು! ಏನಮ್ಮಾ, ಯಾರ ಮೇಲೆ ಸಿಟ್ಟು? ನಮ್ಮಮ್ಮನೂ ಆಸ್ಪತ್ರೇಲಿ ಇದೇ ವಾಚಲ್ಲಿ ನಾಡಿ ನೋಡ್ತಿದ್ರು. ಒಂದು ಸೆಕೆಂಡೂ ತಪ್ಪಿಲ್ಲ. ಕಂಪನಿ ಅಂದ್ರೆ ಕಂಪನಿ!"

"ಕಂಪನಿ ಅಲ್ಲ ಆಂಟೀ, ಅದು..."

ಮೇಜಿನ ಕೆಳಗೆ ಅಜ್ಜಿ ಅವಳ ಕಾಲು ತುಳಿದಳು.

ನರ್ಸಮ್ಮ ಆಸ್ಪತ್ರೆಯ ಕಡೆ ಬಿರಬಿರನೆ ನಡೆದರು. ಮೆಣಸಿನಕಾಯಿ ಬಾಗಿಲಲ್ಲಿ ನಿಂತು ನೋಡಿದಳು. ಎಷ್ಟು ಕೈಗಳು! ನಾಡಿ ನೋಡಲು ಇವರು ಹಿಡಿದವು, ಇವರ ಅಮ್ಮ ಹಿಡಿದವು. ಅಷ್ಟೂ ಹೊತ್ತು ಒಳಗೆ ಆ ಹಲ್ಲು ಕತ್ತಲಲ್ಲಿ ತಿರುಗುತ್ತಲೇ ಇತ್ತು. ಅವಳು ತನ್ನ ಮಣಿಕಟ್ಟನ್ನು ಮುಟ್ಟಿಕೊಂಡಳು.

ಆಮೇಲೆ ಒಳಗೆ ಬಂದು ಚೀಲದಿಂದ ಬ್ರಷ್ ತೆಗೆದಳು. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಕೆದರಿದ ಎಳೆಗಳನ್ನು ಒಂದೊಂದಾಗಿ ನೇರ ಮಾಡತೊಡಗಿದಳು.

"ಚಿಮಟ ಬೇಕೇನೇ?" ಅಜ್ಜಿ ಕೇಳಿದಳು.

"ಬೇಕು. ನಾಳೆ ಫೈನಲ್ ಅಲ್ವಾ! ಮೇಜು ಮಾತ್ರ ಅಲ್ಲಾಡಿಸಬೇಡ!"