ತೇತಾಳ ಬಿಳಿ ಮುಸುಕು

ಒಂದು ರಾಜ್ಯವಿತ್ತು. ಎಷ್ಟು ಕಾಲದ ಹಿಂದೆ ಅಂತ ಮಾತ್ರ ಕೇಳಬೇಡಿ. ಟ್ಯೂಬಿನಲ್ಲಿ ಬಣ್ಣವೂ ಸಿಗುತ್ತಿತ್ತು, ಊರಿಗೊಬ್ಬ ಮಂತ್ರವಾದಿಯೂ ಸಿಗುತ್ತಿದ್ದ, ಅಂಥ ಕಾಲ ಅಂತ ಇಟ್ಟುಕೊಳ್ಳಿ. ಆ ರಾಜ್ಯದ ಬೆಟ್ಟದ ಮೇಲೆ ದ್ರೂಜ್ ಜನರ ಒಂದು ಹಳ್ಳಿ. ಕಲ್ಲಿನ ಮನೆಗಳು, ಆಲಿವ್ ಮರಗಳು, ಅಂಗಳಕ್ಕೊಂದು ದಾಳಿಂಬೆ ಗಿಡ. ಆ ಜನ ಸಾವಿಗೆ ಅಂಗಿ ಬದಲಿಸುವುದು ಅನ್ನುತ್ತಿದ್ದರು. ಮೈಯೇ ಅಂಗಿ. ಹಳೆಯದು ಜಾರಿದ ಗಳಿಗೆಯಲ್ಲೇ ಜೀವ ಹೋಗಿ, ಎಲ್ಲೋ ಹುಟ್ಟುತ್ತಿರುವ ಕೂಸಿನ ಹೊಸ ಅಂಗಿ ತೊಟ್ಟುಕೊಳ್ಳುತ್ತದೆ. ಹಾಗಾಗಿ ಆ ಹಳ್ಳಿಯ ಗೋರಿಗಳ ಮೇಲೆ ಹೆಸರಿರಲಿಲ್ಲ. ಖಾಲಿ ಅಂಗಿಗೆ ಹೆಸರು ಯಾಕೆ ಹೇಳಿ?

ಆ ಹಳ್ಳಿಯವಳು ನಜ್ಲಾ. ಬೆಟ್ಟ ಇಳಿದು ರಾಜಧಾನಿಗೆ ಹೋಗಿ ಚಿತ್ರಕಲೆ ಕಲಿತ ಮೊದಲ ಹೆಂಗಸು. ಅವಳು ಹೊರಟ ದಿನ ಅರ್ಧ ಊರು ಮುಖ ತಿರುಗಿಸಿತ್ತು. ಬುತ್ತಿ ಕಟ್ಟಿಕೊಟ್ಟವಳು ಅಜ್ಜಿಯೊಬ್ಬಳೇ. ಅಜ್ಜಿಗೆ ಅಲ್ಲಿ ತೇತಾ ಅನ್ನುತ್ತಾರೆ. ತೇತಾ ಧರ್ಮದೀಕ್ಷೆ ಪಡೆದವಳು, ಸದಾ ತಲೆಯ ಮೇಲೆ ಬಿಳಿ ಮುಸುಕು. ಅವಳ ಕೂದಲನ್ನು ಹೊರಗಿನವರು ಯಾರೂ ಕಂಡಿರಲಿಲ್ಲ.

ಹತ್ತು ವರ್ಷ ನಜ್ಲಾ ಬಾಗಿಲು ಬರೆದಳು, ದಾಳಿಂಬೆ ಬರೆದಳು, ಹಿಟ್ಟು ನಾದುವ ಕೈ ಬರೆದಳು. ಒಳ್ಳೆಯ ಹೆಸರು ಬಂತು. ರಾಜಧಾನಿಯ ದೊಡ್ಡ ಚಿತ್ರಶಾಲೆಯ ಒಡೆಯ ದಹ್ಮಾನ್ ಅವಳಿಗೊಂದು ಕುಂಚ ಬಹುಮಾನ ಕೊಟ್ಟ. ಕರಿ ಕೂದಲಿನ ಕುಂಚ. ಯಾವ ಪ್ರಾಣಿಯ ಕೂದಲು ಅಂತ ಹೇಳಲಿಲ್ಲ. ಇದರಲ್ಲಿ ಬರೆದ ಮೊದಲ ಮುಖ ತನಗೆ ಸೇರಬೇಕು ಅಂದ, ಅಷ್ಟೇ. ಅವನೇ ಮಂತ್ರವಾದಿ ಅಂತ ಪಾಪ ಅವಳಿಗೇನು ಗೊತ್ತು? ಖುಷಿಯಿಂದ ಹೂಂ ಅಂದಳು.

ಆ ಚಳಿಗಾಲ ತೇತಾ ಹಾಸಿಗೆ ಹಿಡಿದಳು. ನಜ್ಲಾ ಬಣ್ಣದ ಪೆಟ್ಟಿಗೆ ಹೊತ್ತು ಊರಿಗೆ ಬಂದಳು. ಅದೇ ಮನೆಯಲ್ಲಿ ನಜ್ಲಾಳ ತಂಗಿ ಸಮೀಹಾ ತುಂಬು ಬಸುರಿ. ಜೀವ ಇನ್ನೆಲ್ಲೋ ಹುಟ್ಟುತ್ತದೆ ಸರಿ, ಈ ಮುಖ ಮತ್ತೆ ಎಲ್ಲಿ ಸಿಗುತ್ತದೆ ಅಂದುಕೊಂಡಳು ನಜ್ಲಾ. ಬಾಗಿಲು ಹಾಕಿದಳು. ಮುಸುಕು ತೆಗೆ ತೇತಾ, ಕೂದಲ ಸಮೇತ ಬರೆಯುತ್ತೇನೆ ಅಂತ ಗೋಗರೆದಳು. ತೇತಾ ಕೊನೆಗೆ ಮೊಮ್ಮಗಳ ಮೇಲಿನ ಅಕ್ಕರೆಗೆ ಮುಸುಕು ತೆಗೆದಳು.

"ಮೂಗು ಮಾತ್ರ ಒಂಚೂರು ಸಣ್ಣದು ಮಾಡೇ," ಅಂದಳು. "ಈ ಮೂಗು ಹೊತ್ತೂ ಹೊತ್ತೂ ಸಾಕಾಗಿದೆ."

ಇಬ್ಬರೂ ನಕ್ಕರು. ಆ ನರೆಗೂದಲಿಗೆ ನಜ್ಲಾಳ ಬಳಿಯಿದ್ದ ಬಿಳಿ ಬಣ್ಣವೆಲ್ಲ ಮುಗಿಯಿತು. ಟ್ಯೂಬು ಹಿಂಡಿ ಹಿಂಡಿ, ದಹ್ಮಾನ್ ಕೊಟ್ಟ ಕುಂಚದಿಂದ ದಪ್ಪಗೆ ಬಳಿದಳು. ಕಟ್ಟಕಡೆಗೆ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಇಟ್ಟಳು. ಚಿತ್ರ ಕಣ್ಣು ಮಿಟುಕಿಸಿತು. ತಿರುಗಿ ನೋಡಿದರೆ, ಹಾಸಿಗೆಯಲ್ಲಿ ತೇತಾಳ ಉಸಿರು ನಿಂತಿತ್ತು.

ಆಗಲೇ ಪಕ್ಕದ ಕೋಣೆಯಲ್ಲಿ ಸಮೀಹಾ ಹೆತ್ತಳು. ಹೆಣ್ಣು ಕೂಸು, ಆದರೆ ಅಳಲಿಲ್ಲ. ಉಸಿರಾಡುತ್ತಿತ್ತು, ಬಾಯಿಗಿಟ್ಟರೆ ಹಾಲು ಕುಡಿಯುತ್ತಿತ್ತು, ಕಣ್ಣು ಬಿಟ್ಟೇ ಇತ್ತು. ಆ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಎತ್ತಿಕೊಂಡರೆ ಒದ್ದೆ ಬಟ್ಟೆ ಎತ್ತಿಕೊಂಡ ಹಾಗೆ. ಸೂಲಗಿತ್ತಿ ಬದ್ರಿಯಾ ಕೂಸಿನ ಎದೆಗೆ ಕಿವಿಯಿಟ್ಟು ಕೇಳಿದಳು.

"ಅಂಗಿ ಬಂದಿದೆ, ತೊಡುವವರು ಬಂದಿಲ್ಲ," ಅಂದಳು. "ಮೂರನೇ ಸಂಜೆಯೊಳಗೆ ಬಾರದಿದ್ದರೆ ಅಂಗಿಯೂ ಉಳಿಯುವುದಿಲ್ಲ." ಆಮೇಲೆ ನಜ್ಲಾಳ ಬಣ್ಣದ ಕೈ ನೋಡಿದಳು. "ಯಾರನ್ನು ಹಿಡಿದಿಟ್ಟೆ, ಮಗಳೇ?"

ನಜ್ಲಾ ಓಡಿಬಂದು ನೋಡಿದರೆ ಚಿತ್ರವಿಲ್ಲ. ಒಯ್ದವರನ್ನು ಯಾರೂ ಕಂಡಿರಲಿಲ್ಲ. ಎಲ್ಲಿಗೆ ಹೋಗಿದೆ ಅಂತ ಮಾತ್ರ ಅವಳಿಗೆ ಗೊತ್ತಿತ್ತು. ಕುಂಚವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಎರಡು ದಿನ ನಡೆದು, ಮೂರನೇ ದಿನ ಮಧ್ಯಾಹ್ನ ಚಿತ್ರಶಾಲೆ ಮುಟ್ಟಿದಳು.

ಬಾಗಿಲಲ್ಲಿ ಒಂದು ಕತ್ತೆಕಿರುಬ ಕೂತಿತ್ತು. ಹಲ್ಲು ತೋರಿಸಲಿಲ್ಲ, ಗುರ್ ಅನ್ನಲಿಲ್ಲ. ಸಮೀಹಾಳ ದನಿಯಲ್ಲಿ ಮಾತಾಡಿತು: "ಅಕ್ಕಾ, ಕೂಸು ಅತ್ತಿತು. ಬಾ ಮನೆಗೆ." ನಜ್ಲಾಗೆ ಎಲ್ಲವೂ ಮರೆತುಹೋಯಿತು. ನಗುನಗುತ್ತಾ ಅದರ ಹಿಂದೆ ನಡೆದಳು. ಅದು ಗುಹೆಯೊಂದಕ್ಕೆ ನುಗ್ಗಿತು, ಇವಳೂ ನುಗ್ಗಿದಳು. ಗುಹೆಯ ಬಾಯಿ ತಗ್ಗು. ಹಣೆ ಕಲ್ಲಿಗೆ ಬಡಿದು ರಕ್ತ ಬಂತು, ರಕ್ತ ಬಂದದ್ದೇ ಎಚ್ಚರವಾಯಿತು. ಒಳಗೆ ಟೋಪಿಗಳು ಸಾಲಾಗಿದ್ದವು. ಇವಳಿಗೂ ಮೊದಲು ಅದರ ಬೆನ್ನುಹತ್ತಿ ಬಂದವರೆಲ್ಲರ ಟೋಪಿಗಳು, ಯಾರೋ ನೀಟಾಗಿ ಜೋಡಿಸಿಟ್ಟ ಹಾಗೆ. ಅವಳು ಹಣೆಯ ರಕ್ತ ಒರೆಸಿಕೊಳ್ಳದೆ ಹಿಂದಿರುಗಿದಳು. ಹಣೆಯಲ್ಲಿ ರಕ್ತ ಹರಿದವರ ಮೇಲೆ ಆ ಪ್ರಾಣಿಯ ಮಾಟ ನಡೆಯುವುದಿಲ್ಲ. ಕತ್ತೆಕಿರುಬ ಮತ್ತೆ ಅವಳ ದಾರಿಗೆ ಬರಲಿಲ್ಲ.

ಚಿತ್ರಶಾಲೆಯ ಒಳಗೆ ಉದ್ದನೆಯ ಹಜಾರ. ಎರಡೂ ಗೋಡೆಯ ತುಂಬ ಮುಖಗಳು, ಬೆಟ್ಟದ ಜನರದೇ. ಅವಳು ನಡೆದಂತೆ ಕಣ್ಣುಗಳೂ ಹೊರಳಿದವು. ನಾನು ಮುನ್ನೂರು ವರ್ಷದಿಂದ ಇಲ್ಲಿದ್ದೇನೆ, ನನ್ನನ್ನೂ ಕರೆದುಕೊಂಡು ಹೋಗು ಅಂತ ಒಂದು ಮುಖ ಪಿಸುಗುಟ್ಟಿತು. ಬರುತ್ತೇನೆ ತಾಳಿ ಅಂದುಬಿಟ್ಟಳು ನಜ್ಲಾ. ಅಂದದ್ದೇ ತಡ, ಹಸಿ ಬಣ್ಣ ಮೆಟ್ಟಿದಂತೆ ಚಪ್ಪಲಿ ನೆಲಕ್ಕೆ ಅಂಟಿತು. ಚಪ್ಪಲಿ ಅಲ್ಲೇ ಬಿಟ್ಟು, ತುಟಿ ಕಚ್ಚಿಕೊಂಡು ನಡೆದಳು. ಅವರು ಕರೆಯುತ್ತಲೇ ಇದ್ದರು, ಇವಳು ಅಳುತ್ತಲೇ ಇದ್ದಳು.

ಹಜಾರದ ಕೊನೆಯಲ್ಲಿ ದಹ್ಮಾನ್ ನಿಂತಿದ್ದ. ಅಚ್ಚುಕಟ್ಟಾದ ಕೋಟು, ಕರಿ ಗಡ್ಡ, ಮೈಯಲ್ಲಿ ಉಸಿರಾಟದ ಸುಳಿವಿಲ್ಲ. ಹಿಂದೆ ಗೋಡೆಯ ಮೇಲೆ ತೇತಾ.

"ಬನ್ನಿ ನಜ್ಲಾ," ಅಂದ. "ಇಷ್ಟು ಜೀವಂತ ಮುಖವನ್ನು ಈ ರಾಜ್ಯದಲ್ಲಿ ಯಾರೂ ಬರೆದಿಲ್ಲ. ಅಜ್ಜಿ ಇಲ್ಲೇ ಇರಲಿ, ನೀವೂ ಇರಿ. ದಿನಾ ಮಾತಾಡಿಕೊಂಡಿರಬಹುದು."

ಸುಳ್ಳು ಯಾಕೆ ಹೇಳಲಿ, ನಜ್ಲಾಗೆ ಆಸೆಯಾಯಿತು. ಕಿಟಕಿಯಲ್ಲಿ ಬಿಸಿಲು ಕೆಂಪಾಗುತ್ತಿತ್ತು. ಅಲ್ಲಿ ಕೂಸು ತಣ್ಣಗಾಗುತ್ತಿದೆ, ಇಲ್ಲಿ ತೇತಾ ಕಣ್ಣೆದುರಿಗಿದ್ದಾಳೆ. ಆಗ ತೇತಾ ಮಾತಾಡಿದಳು.

"ಕತ್ತು ನೋಯುತ್ತಿದೆ, ಮಗಳೇ. ಇನ್ನೂ ಎಷ್ಟು ಹೊತ್ತು ಹೀಗೆ ಕೂರಲಿ? ತಲೆ ಬೇರೆ ಬರಿದಾಗಿದೆ."

ನಜ್ಲಾ ಮುಂದೆ ನುಗ್ಗಿದಳು. ಅಲ್ಲಿದ್ದ ಮೇಜಿನ ಮೇಲಿನ ಚಾಕುವಿಗೆ ಕೈ ಹಾಕಿದಳು. ಚಿತ್ರ ಹರಿದರೆ ಅಜ್ಜಿಯೂ ಹರಿಯುತ್ತಾಳೆ ಅಂದ ದಹ್ಮಾನ್. ಮುಖ ಮುಚ್ಚಿದರೆ ಚಿತ್ರದ ಹಿಡಿತ ಬಿಡುತ್ತದೆ, ಮುಸುಕು ಬರೆಯುವುದೇ ದಾರಿ ಅಂತ ಅವಳಿಗೆ ಹೊಳೆಯಿತು. ಆದರೆ ಮೇಜಿನ ಮೇಲೆ ಬಿಳಿ ಬಿಟ್ಟು ಎಲ್ಲ ಬಣ್ಣಗಳೂ ಇದ್ದವು. ಆ ಕಟ್ಟಡದಲ್ಲೇ ಬಿಳಿ ಇರಲಿಲ್ಲ. ದಹ್ಮಾನ್ ನಗುತ್ತಿದ್ದ.

ಅವನು ಚಿತ್ರ ಸಂಗ್ರಹಿಸುವವನು, ಬರೆಯುವವನಲ್ಲ. ಎಣ್ಣೆ ಬಣ್ಣ ಅಷ್ಟು ದಪ್ಪ ಬಳಿದರೆ ಮೂರು ದಿನಕ್ಕೆ ಒಣಗುವುದಿಲ್ಲ ಅನ್ನುವುದು ಅವನಿಗೆ ತಿಳಿಯದು. ನಜ್ಲಾ ಕುಂಚ ಮುಟ್ಟಲಿಲ್ಲ. ಎರಡೂ ಅಂಗೈಯನ್ನು ತೇತಾಳ ನರೆಗೂದಲಿಗೆ ಒತ್ತಿದಳು. ಬಣ್ಣ ಇನ್ನೂ ಹಸಿಯಾಗಿತ್ತು. ಆ ಬಿಳಿಯನ್ನು ಹಣೆಯ ಮೇಲೆ ಎಳೆದಳು, ಕೆನ್ನೆಯ ಮೇಲೆ, ಆ ದೊಡ್ಡ ಮೂಗಿನ ಮೇಲೆ ಎಳೆದಳು. ಅವಳ ಜೀವಮಾನದ ಒಳ್ಳೆಯ ಚಿತ್ರ ಅದು. ಅಳಿಸುತ್ತಾ ಬಿಕ್ಕಿ ಬಿಕ್ಕಿ ಅತ್ತಳು. ಕಣ್ಣಿನ ಹತ್ತಿರ ಬಂದಾಗ ಕೈ ಏಳಲಿಲ್ಲ. ತೇತಾ ತಾನೇ ಕಣ್ಣು ಮುಚ್ಚಿದಳು.

"ಬರ್ತೀನಿ ಕಣೇ," ಅಂದಳು. ನಜ್ಲಾ ಕಣ್ಣಿನ ಮೇಲೂ ಮುಸುಕು ಎಳೆದಳು.

ದಹ್ಮಾನ್ ಚೀರಿ, ಅವಳ ಸೊಂಟದ ಕುಂಚಕ್ಕೆ ಕೈ ಚಾಚಿದ. ಕುಂಚದ ಕೂದಲು ಅವನ ಗಡ್ಡದ್ದೇ, ಅವನ ಜೀವವಿದ್ದದ್ದೂ ಅದರಲ್ಲೇ ಅಂತ ಆಗ ಅವಳಿಗೆ ಕಂಡಿತು. ಮೊಣಕಾಲಿಗಿಟ್ಟು ಲಟಕ್ಕನೆ ಮುರಿದಳು. ಕೋಟು, ಷರಟು, ಬೂಟು ನೆಲಕ್ಕೆ ಬಿದ್ದವು. ಒಳಗೆ ಯಾರೂ ಇರಲಿಲ್ಲ. ಎಷ್ಟೋ ಕಾಲದಿಂದ ಯಾರೂ ಇರಲಿಲ್ಲ. ಹಜಾರದಲ್ಲಿ ಮುಖಗಳು ಒಂದೊಂದಾಗಿ ಕಣ್ಣು ಮುಚ್ಚಿದವು.

ಅತ್ತ ಬೆಟ್ಟದ ಮೇಲೆ, ಸೂರ್ಯ ಮುಳುಗುವ ಹೊತ್ತಿಗೆ ಕೂಸು ಅತ್ತಿತು. ಆ ಅಳುವಿಗೆ ಹಟ್ಟಿಯ ಆಡುಗಳು ಬೆದರಿ ಓಡಿದವಂತೆ. ಆ ವರ್ಷ ರಾಜ್ಯದಲ್ಲಿ ಹುಟ್ಟಿದ ಮಕ್ಕಳೆಲ್ಲ ಮಾಡು ಹಾರಿಹೋಗುವ ಹಾಗೆ ಅತ್ತವು. ಅಂದು ಮುಖ ತಿರುಗಿಸಿದ್ದ ಅರ್ಧ ಊರು ಈಗ ನಜ್ಲಾಳ ಅಂಗಳಕ್ಕೆ ಬಂದು, ಕಾಫಿ ಕುಡಿದು, ಚಿತ್ರ ನೋಡಿಕೊಂಡು ಹೋಗುತ್ತಿತ್ತು. ಎಲ್ಲರೂ ತಣ್ಣಗಿದ್ದರು.

ಆ ಬಿಳಿ ಚಿತ್ರವನ್ನು ನಜ್ಲಾ ಮನೆಗೆ ತಂದು ಗೋಡೆಗೆ ಹಾಕಿದ್ದಳು. ಮಗುವಿಗೆ ಮೂರು ತುಂಬಿ ಮಾತು ಬಲಿತಾಗ, ಒಂದು ಮಧ್ಯಾಹ್ನ ಅದು ಚಿತ್ರದ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿತು. ದಿನವೂ ದೊಡ್ಡಮ್ಮ ಅನ್ನುವ ಮಗು ಅಂದು ಹಾಗನ್ನಲಿಲ್ಲ.

"ನಜ್ಲಾ, ಮೂಗು ಸಣ್ಣದು ಮಾಡಿದೆಯೇನೇ?"

ನಜ್ಲಾ ಕೈಯಲ್ಲಿದ್ದ ಕುಂಚ ಕೆಳಗಿಟ್ಟಳು. "ಇಲ್ಲ ತೇತಾ," ಅಂದಳು. "ಇದ್ದ ಹಾಗೇ ಬರೆದೆ."

ಮಗು ತನ್ನ ಮೂಗನ್ನು ಮುಟ್ಟಿ ನೋಡಿಕೊಂಡಿತು. "ಹೋಗಲಿ ಬಿಡು," ಅಂದಿತು. "ಈ ಸಲ ಸಣ್ಣದೇ ಸಿಕ್ಕಿದೆ."