ಗುಂಡಿ ಮಷಿನ್‌ಗೆ ಯಾವ ಎಣ್ಣೆ?

“ಈ ದರಿದ್ರ ಮಷಿನ್‌ಗೆ ಅದ್ಯಾವ ಎಣ್ಣೆ ಸುರೀಬೇಕೋ?”

ಅಪ್ಪ ಯಾರನ್ನೂ ನೋಡದೆ ಕೇಳಿದ. ತೋಟದಲ್ಲಿದ್ದವರು ಬಿಂದುಶ್ರೀ ಮತ್ತು ಅಜ್ಜಿ ಅಂಜಿನಮ್ಮ ಇಬ್ಬರೇ.

ಗುಂಡಿ ತೆಗೆಯುವ ಮಷಿನ್ ಬುಸ್ ಎಂದು ಕಪ್ಪು ಹೊಗೆ ಬಿಟ್ಟು ಮತ್ತೆ ನಿಂತಿತ್ತು. ಸೀಬೆ ಸಸಿಗಳು ಒದ್ದೆ ಗೋಣಿಚೀಲದ ಕೆಳಗೆ ಕಾಯುತ್ತಿದ್ದವು. ಬಿಂದುಶ್ರೀಯೂ ಕಾಯುತ್ತಿದ್ದಳು. ಮಧ್ಯಾಹ್ನದೊಳಗೆ ಗುಂಡಿ ಮುಗಿದರೆ ಶಿವಗಂಗೆಗೆ ಕರೆದುಕೊಂಡು ಹೋಗುವುದಾಗಿ ಅಪ್ಪ ಮಾತು ಕೊಟ್ಟಿದ್ದ. ಅಲ್ಲಿ ಲಿಂಗಕ್ಕೆ ತುಪ್ಪ ಸವರಿದರೆ ಬೆಣ್ಣೆಯಾಗುತ್ತದಂತೆ! ಅದನ್ನು ನೋಡಬೇಕೆಂದು ಅವಳು ಹೊಸ ಲಂಗ ಹಾಕಿಕೊಂಡೇ ತೋಟಕ್ಕೆ ಬಂದಿದ್ದಳು.

ಮಷಿನ್ ಅವರೊಬ್ಬರದಲ್ಲ. ಬೀದಿಯವರೆಲ್ಲ ಸೇರಿ ಕೊಂಡದ್ದು. ಸರದಿಯ ಮೇಲೆ ಮನೆಯಿಂದ ಮನೆಗೆ ಹೋಗುತ್ತದೆ. ಒಬ್ಬೊಬ್ಬರು ಒಂದೊಂದು ಎಣ್ಣೆ ಹಾಕುತ್ತಾರೆ.

“ಬಿಂದು, ಮೂರ್ತಿ ಅಂಗಡೀಲಿ ಆಯಿಲ್ ತಗೊಂಬಾ. ಪೆಟ್ರೋಲ್‌ಗೆ ಬೆರೆಸೋದು ಅನ್ನು.”

ಅವಳು ಓಡಿದಳು.

“ಟೂ-ಟಿನಾ, ಫೋರ್-ಟಿನಾ?” ಎಂದ ಮೂರ್ತಿ.

“ಆಯಿಲ್!” ಅಪ್ಪ ಹೇಳಿದ್ದರಲ್ಲಿ ಅಷ್ಟೇ ಅವಳ ನೆನಪಿನಲ್ಲಿತ್ತು.

“ಅಯ್ಯೋ ತಾಯಿ, ಬೈಕಿಗೆ ಹಾಕೋದು ಫೋರ್-ಟಿ. ಟೂ-ಟಿ ಬೇರೆ. ಮಷಿನ್ ಮೇಲೇ ಬರ್ದಿರುತ್ತೆ, ನೋಡ್ಕೊಂಬಾ ಹೋಗು.”

ಅವಳು ಏದುಸಿರು ಬಿಡುತ್ತಾ ವಾಪಸ್ಸು ಬಂದಳು.

“ಯಾವ್ದೋ ಒಂದು ತರಬಾರ್ದಾ?” ಅಪ್ಪ ರೇಗಿದ. “ಎಣ್ಣೆ ಎಲ್ಲಾ ಒಂದೇ.”

“ಒಂದೇನಾ?” ಅಜ್ಜಿ ಕಳೆ ಕೀಳುತ್ತಿದ್ದಲ್ಲಿಂದಲೇ ಕೇಳಿದಳು. “ಹಂಗಾರೆ ನಾಳೆ ಸಾರಿಗೆ ಹರಳೆಣ್ಣೇಲಿ ಒಗ್ಗರಣೆ ಹಾಕ್ತೀನಿ ಕಣಪ್ಪಾ ಮುನಿರಾಜ. ಉಣ್ಣುವಂತೆ.”

ಬಿಂದುಶ್ರೀಗೆ ನಗು ಬಂತು. ಅಪ್ಪನಿಗೆ ಬರಲಿಲ್ಲ.

ಅವಳು ಬಗ್ಗಿ ಮಷಿನ್ ನೋಡಿದಳು. ಪೆಟ್ರೋಲ್ ಟ್ಯಾಂಕಿನ ಮೇಲೆ ಆಯುಧಪೂಜೆಯ ವಿಭೂತಿ, ಅದರ ಮೇಲೆ ಕುಂಕುಮ, ವರ್ಷವರ್ಷವೂ ಮೆತ್ತಿ ಗಟ್ಟಿಯಾಗಿತ್ತು. ಅದರಡಿಯಿಂದ ಸ್ಟಿಕರ್‌ನ ಒಂದು ಮೂಲೆ ಮಾತ್ರ ಇಣುಕುತ್ತಿತ್ತು. ಒರೆಸಲು ಹೋದ ಕೈ ನಿಂತಿತು. ದೇವರ ಕುಂಕುಮ!

ಅಜ್ಜಿ ಎದ್ದು ಬಂದು ಸೆರಗಿನ ತುದಿ ಒದ್ದೆ ಮಾಡಿ ಕೊಟ್ಟಳು. “ಒರೆಸಮ್ಮ. ಇಟ್ಟೋಳು ನಾನೇ. ಮುಂದಿನ ಹಬ್ಬಕ್ಕೆ ಹಿಡಿ ಮೇಲೆ ಇಡ್ತೀನಿ.”

ಅಕ್ಷರಗಳು ಒಂದೊಂದಾಗಿ ಎದ್ದುಬಂದವು. “ಟೂ-ಟಿ ಆಯಿಲ್ ಓನ್ಲಿ,” ಬಿಂದುಶ್ರೀ ಓದಿದಳು.

ಅಪ್ಪ ಜೇಬಿನಿಂದ ದುಡ್ಡು ತೆಗೆದುಕೊಟ್ಟ. ಅವಳು ಮತ್ತೆ ಅಂಗಡಿಗೆ ಓಡಿದಳು. ಅಷ್ಟರಲ್ಲಿ ಅಪ್ಪ ಟ್ಯಾಂಕ್ ಖಾಲಿ ಮಾಡಿ, ಕರಿ ಹಿಡಿದಿದ್ದ ಪ್ಲಗ್ ಉಜ್ಜಿದ. ಹೊಸ ಎಣ್ಣೆಯನ್ನು ಅಳತೆಯಂತೆ ಪೆಟ್ರೋಲ್‌ಗೆ ಬೆರೆಸಿ, ಹಗ್ಗ ಎಳೆದ. ಮಷಿನ್ ಗುರ್ರೆಂದು ಕೆಂಪು ಮಣ್ಣಿನೊಳಗೆ ಇಳಿಯಿತು.

ಆದರೆ ಹೊತ್ತು ಆಗಲೇ ನೆತ್ತಿ ದಾಟಿತ್ತು. ಅರ್ಧದಷ್ಟು ಸಾಲು ಮುಗಿಯುವಾಗಲೇ ದನಗಳು ಮನೆಗೆ ಮರಳುತ್ತಿದ್ದವು. ಹೊಸ ಲಂಗ ಪೆಟ್ರೋಲ್ ನಾರುತ್ತಿತ್ತು.

“ಮುಂದಿನ ಭಾನುವಾರ ಹೋಗಣ ಕಣಮ್ಮ. ಅವತ್ತು ಮಷಿನ್ ಮತ್ತೆ ನಮ್ ಸರದಿ. ಬೆಳಿಗ್ಗೆ ಉಳಿದ ಸಾಲು ಮುಗಿಸ್ಬಿಟ್ಟು ಹೊರಡೋದೇ,” ಎಂದ ಅಪ್ಪ. ಅವಳು ಅವನ ಕಡೆ ನೋಡಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ದೇವರಾಜ್ ಚಿಕ್ಕಪ್ಪ ಬಂದ. ಕೈಯಲ್ಲಿ ಒಂದು ಡಬ್ಬಿ. “ನಾಳೆ ನನ್ನ ಸರದಿ. ಮಷಿನ್ ಕೊಡಮ್ಮ.”

ಬಿಂದುಶ್ರೀ ಡಬ್ಬಿಯ ಮೇಲಿನದ್ದನ್ನು ಓದಿದಳು. “ಚಿಕ್ಕಪ್ಪ, ಇದು ಫೋರ್-ಟಿ. ಬೈಕಿಂದು.”

“ಹೋದ ವಾರಾನೂ ಇದೇ ಹಾಕಿದ್ದು. ಜಮ್ ಅಂತ ಓಡ್ತು! ಕೊನೇಲಿ ಒಂಚೂರು ಕೆಮ್ತು, ಅಷ್ಟೇ.”

ಬೆಳಗಿನ ಕಪ್ಪು ಹೊಗೆ ಬಿಂದುಶ್ರೀಯ ಕಣ್ಣಮುಂದೆ ಬಂತು. ಅವಳ ಶಿವಗಂಗೆ ಹೋದ ವಾರವೇ ಆ ಹೊಗೆಯಲ್ಲಿ ಹೋಗಿತ್ತು. ಕೂಗಾಡಬೇಕೆನ್ನಿಸಿತು. ಆದರೆ ಕುಂಕುಮ ಚಿಕ್ಕಪ್ಪನಿಗೂ ಅಡ್ಡವಿತ್ತಲ್ಲ? ಅಪ್ಪನಿಗೂ?

ಈಗ ಅಡ್ಡವಿಲ್ಲ. ಅವಳು ಟ್ಯಾಂಕಿನ ಮೇಲಿನ ಅಕ್ಷರಗಳನ್ನು ಬೆರಳಿಟ್ಟು ತೋರಿಸಿದಳು.

“ಸರಿ ಸರಿ, ಆಮೇಲೆ ತಂದ್ರಾಯ್ತು. ನಾಳೆ ಒಂದಿನ ಇದನ್ನೇ ಹಾಕ್ಕೊಂತೀನಿ. ಕೊಡು ತಾಯಿ,” ಎಂದು ಚಿಕ್ಕಪ್ಪ ಕೈ ಚಾಚಿದ.

ಅಪ್ಪ ನೆಲ ನೋಡಿದ. ಬಿಂದುಶ್ರೀ ಮಷಿನ್‌ನ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

“ಕೊಡಲ್ಲ, ಚಿಕ್ಕಪ್ಪ.”