ನಾಲ್ಕನೇ ಸುತ್ತಿನಲ್ಲಿ ಕೈ ತೆಗೆದವನು

ದಿನಕ್ಕೆ ಹದಿನೈದು ಗಂಡಸರ ಮುಖ ನೋಡಬೇಕಾಗಿ ಬಂದ ಯಾವ ಹುಡುಗಿಗಾದರೂ ಗಂಡಸರ ಮೇಲೆ ಗೌರವ ಉಳಿಯುವುದು ಕಷ್ಟ. ಮುನಿಗಂಗಮ್ಮನಿಗಂತೂ ಒಂದು ಚೂರೂ ಉಳಿದಿರಲಿಲ್ಲ. ಬಂಗಾರಪೇಟೆಯ ಸ್ಟೇಷನ್ ರೋಡಿನಲ್ಲಿ ಅವರದು ಹಳೇ ಕಾರುಗಳ ಬಿಡಿಭಾಗದ ಅಂಗಡಿ. ಕೌಂಟರಿನ ಹಿಂದಿನ ಎತ್ತರದ ಸ್ಟೂಲಿನ ಮೇಲೆ ಕೂರುತ್ತಿದ್ದವಳು ಅವಳೇ. ಬರುವವರೆಲ್ಲ ಇಂಗ್ಲಿಷ್ ಬೋಲ್ಟನ್ನು ಅಮೆರಿಕನ್ ನಟ್ಟಿಗೆ ತುರುಕಿ, ಉದ್ದನೆಯ ಸ್ಪ್ಯಾನರ್ ಹಾಕಿ ತಿರುಚಿ, ಎರಡನ್ನೂ ಹಾಳುಗೆಡವಿ ತಂದು, "ಇಂಥದ್ದೇ ಕೊಡಿ" ಎನ್ನುತ್ತಿದ್ದರು. ತೋಳಿನಲ್ಲಿ ಬಲವಿದ್ದರೆ ತಲೆ ಬೇಕಿಲ್ಲವೆಂದು ಇವರಿಗೆ ಹೇಳಿಕೊಟ್ಟವರಾರೋ ಎಂದು ಅವಳು ಮೂಗು ಮುರಿಯುತ್ತಿದ್ದಳು.

ಅಪ್ಪ ರಾಮಚಂದ್ರಪ್ಪ ಚಿನ್ನದ ಗಣಿಯ ಮೈಸೂರು ಮೈನ್ಸಿನಲ್ಲಿ ಫಿಟ್ಟರಾಗಿದ್ದವರು. ಕಣ್ಣು ಮಂಜಾದ ಮೇಲೆ ಅಂಗಡಿಯ ಮೂಲೆಯ ಬೆಂಚು ಹಿಡಿದಿದ್ದರು. ಅವರ ಥ್ರೆಡ್ ಗೇಜು ಈಗ ಮಗಳ ಕೈಯಲ್ಲಿತ್ತು. ಬಾಚಣಿಗೆಯಂತೆ ಹಲ್ಲಿರುವ ಉಕ್ಕಿನ ಎಲೆಗಳು, ಪ್ರತಿ ಎಲೆಯ ಮೇಲೂ ಇಂಚಿಗೆ ಎಷ್ಟು ಥ್ರೆಡ್, ಅಂದರೆ ಬೋಲ್ಟಿನ ಮೈಮೇಲಿನ ಸುತ್ತುಗೆರೆ, ಎಂಬ ಸಂಖ್ಯೆ. ಎಲೆಯನ್ನು ಬೋಲ್ಟಿಗೆ ಒತ್ತಿ ಬೆಳಕಿಗೆ ಹಿಡಿಯಬೇಕು. ನಡುವೆ ಬೆಳಕು ನುಸುಳದಿದ್ದರೆ ಅದೇ ಸರಿ.

ಅಂಗಡಿಯಲ್ಲಿ ಅರ್ಧ ಪಾಲಿದ್ದ ಚಿಕ್ಕಪ್ಪ ಸೊಣ್ಣಪ್ಪನಿಗೆ ಆ ಸ್ಟೂಲಿನ ಮೇಲೆ ಕಣ್ಣು.

"ಒಂದೇ ಒಂದು ಪೀಸು ತಪ್ಪಂತ ವಾಪಸ್ ಬರ್ಲಿ. ಅವತ್ತೇ ನೀನು ಒಲೆ ಮುಂದೆ, ನಾನು ಕೌಂಟರ್ ಹಿಂದೆ" ಎಂದಿದ್ದ.

"ಬರ್ಲಿ, ನೋಡಾನ" ಎಂದು ಅವಳೂ ಒಪ್ಪಿಬಿಟ್ಟಿದ್ದಳು. ಎರಡು ವರ್ಷದಲ್ಲಿ ಒಂದೂ ಬಂದಿರಲಿಲ್ಲ.

ಒಂದು ಭಾನುವಾರ ಮಾರಿಕುಪ್ಪಂ ರೈಲಿಳಿದು ಬಂದವನ ಅಂಗಿಗೆ ಇಸ್ತ್ರಿ ಇತ್ತು. ಅವಳ ಲೆಕ್ಕದಲ್ಲಿ ಅದೇ ಮೊದಲ ತಪ್ಪು. ಜೇಬಿನಿಂದ ಬಿಳೀ ಕರ್ಚೀಫು ತೆಗೆದು, ಮೆಲ್ಲಗೆ ಬಿಚ್ಚಿ, ಒಳಗಿದ್ದ ಬೋಲ್ಟನ್ನು ಕೌಂಟರಿನ ಮೇಲಿಟ್ಟ.

"ಏನ್ರೀ ಇದು, ಬೋಲ್ಟಾ, ಕೂಸಾ?"

"ಥ್ರೆಡ್ಡಿಗೆ ಏಟು ಬೀಳಬಾರದಂತ."

"ಏನ್ ಕೆಲ್ಸ ನಿಮ್ದು?"

"ಊರಿಗಾಂ ವರ್ಕ್‌ಶಾಪಲ್ಲಿ ಫಿಟ್ಟರು. ಕೋದಂಡಪ್ಪ ಅಂತ."

"ನಾನು ಕೇಳಿದ್ದು ಕೆಲ್ಸ ಮಾತ್ರ."

ಕೋದಂಡಪ್ಪ ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂದಿಷ್ಟು ಮೊದಲೇ ಮುಚ್ಚುತ್ತಿತ್ತು. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲಿ, ಎಲ್ಲರನ್ನೂ ಮೊದಲು ಕೇಳುತ್ತಿದ್ದ 'ಯಾವ ಗಾಡೀದು?' ಎಂಬ ಪ್ರಶ್ನೆಯನ್ನೇ ಕೇಳಲಿಲ್ಲ. ದಪ್ಪ ಅಳೆದಳು. ಇಂಚಿನ ಹದಿನಾರರಲ್ಲಿ ಐದು ಭಾಗ. ಇಪ್ಪತ್ತೆರಡರ ಎಲೆ ಕೂರಲಿಲ್ಲ, ಇಪ್ಪತ್ತಾರರದು ಕೂತಿತು. ಬಹುಮಟ್ಟಿಗೆ ಕೂತಿತು.

"ಬ್ರಾಸ್ ಥ್ರೆಡ್ಡು. ಇಂಚಿಗೆ ಇಪ್ಪತ್ತಾರು" ಎಂದಳು.

ಅವನು ಬಗ್ಗಿ ನೋಡಿದ. "ಕೊನೇಲಿ ಒಂದೆಳೆ ಬೆಳಕು ಕಾಣ್ತದಲ್ರೀ?"

ಅವಳಿಗೂ ಕಂಡಿತ್ತು. "ಅದು ನಿಮ್ ಕಣ್ಣಿನ ದೋಷ. ನಾನು ಇದನ್ನ ಎರಡು ವರ್ಷದಿಂದ ನೋಡ್ತಿದ್ದೀನಿ. ನೀವು ಎರಡು ನಿಮಿಷದಿಂದ."

"ಆ ಎರಡು ನಿಮಿಷದಲ್ಲಿ ಗೇಜು ನೋಡಿದ್ದು ಕಮ್ಮೀನೇ ಬಿಡಿ" ಎಂದ, ಕರ್ಚೀಫು ಮಡಿಸುತ್ತ.

"ಇಸ್ತ್ರಿ ಅಂಗಿಗೆ ಮಾತೂ ಬತ್ತದೆ" ಎಂದು ಅವಳು ಡಬ್ಬಿಯಿಂದ ಹೊಸ ಬೋಲ್ಟು ಹುಡುಕಿ ಮುಂದೆ ತಳ್ಳಿದಳು.

ವಾರವಿಡೀ ಆ ಎಳೆ ಬೆಳಕು ಅವಳ ಕಣ್ಣ ಮುಂದಿತ್ತು. ಆ ಎಡಗಣ್ಣೂ ಇತ್ತು. ಎರಡನ್ನೂ ಬಾಯಿತುಂಬ ಬೈದುಕೊಂಡಳು.

ಮುಂದಿನ ಭಾನುವಾರ ಕೋದಂಡಪ್ಪ ಬಂದಾಗ ಸೊಣ್ಣಪ್ಪ ಅಂಗಡಿಯಲ್ಲೇ ಕೂತಿದ್ದ.

"ಏನಪ್ಪ, ಓದ ವಾರದ ಬೋಲ್ಟು ಕೂತ್ಕಂತಾ? ಇಲ್ಲಾಂದ್ರೆ ಏಳಪ್ಪ, ನಾಚ್ಕಬೇಡ. ಒಂದು ತಪ್ಪಿದ್ರೂ ಇವಳು ಸ್ಟೂಲು ಬಿಟ್ಟು ಒಲೆ ಮುಂದೆ ಓಗ್ತೀನಿ ಅಂತ ಮಾತು ಕೊಟ್ಟವಳೆ."

ಜೇಬಿಗಿಳಿದಿದ್ದ ಕೋದಂಡಪ್ಪನ ಕೈ ಅಲ್ಲೇ ನಿಂತಿತು. ಅವಳತ್ತ ಒಮ್ಮೆ ನೋಡಿದ. "ಸೊಗಸಾಗಿ ಕೂತ್ಕಂತು. ನಾನು ಬಂದಿದ್ದು ವಾಷರ್‌ಗೆ."

ಅವಳ ಮೈಯೆಲ್ಲ ಉರಿಯಿತು. ಕರುಣೆ! ಅದೂ ಒಬ್ಬ ಗಂಡಸಿನಿಂದ!

"ಜೇಬಲ್ಲಿರೋದನ್ನ ತೆಗೀರಿ."

"ಏನಿಲ್ರೀ..."

"ತೆಗೀರಿ ಅಂದೆ."

ಕರ್ಚೀಫಿನಲ್ಲಿ ಎರಡೂ ಬೋಲ್ಟುಗಳಿದ್ದವು, ಜೊತೆಗೆ ಶಾಲೆಯ ಮಕ್ಕಳ ಮರದ ಸ್ಕೇಲಿನ ತುಂಡು. ಅವನು ತನ್ನ ಹಳೇ ಬೋಲ್ಟನ್ನು ಸ್ಕೇಲಿನ ಸೆಂಟಿಮೀಟರ್ ಅಂಚಿಗಿಟ್ಟ. ಆ ಅಂಗಡಿಯಲ್ಲಿ ಯಾರೂ ಎಂದೂ ನೋಡದ ಅಂಚು ಅದು. ಅವಳು ಎಣಿಸಿದಳು. ಒಂದು ಸೆಂಟಿಮೀಟರಿಗೆ ಸರಿಯಾಗಿ ಹತ್ತು ಥ್ರೆಡ್.

"ಮಾರಿಸ್ ಗಾಡೀದು" ಎಂದ ತಗ್ಗಿದ ದನಿಯಲ್ಲಿ. "ದೊರೆಗಳು ಗಣಿ ಬಿಟ್ಟೋಗುವಾಗ ಬಿಟ್ಟೋದ್ದು."

ಮೂಲೆಯಿಂದ ರಾಮಚಂದ್ರಪ್ಪ ನಕ್ಕರು. "ಮಾರಿಸ್ಸಾ! ಆ ಇಂಜಿನ್ ಮಾಡ್ತಿದ್ದ ಮಿಷಿನ್‌ಗಳು ಫ್ರೆಂಚರವು. ಬೋಲ್ಟಿನ ತಲೆಗೆ ನಮ್ಮ ಇಂಗ್ಲಿಷ್ ಸ್ಪ್ಯಾನರ್ ಕೂತ್ಕತದೆ, ಥ್ರೆಡ್ಡು ಮಾತ್ರ ಮಿಲಿಮೀಟರು. ಯಾವ ಗಾಡಿ ಅಂತ ಕೇಳ್ಲಿಲ್ವಾ ಮಗಳೇ?"

ಅವಳು ಸ್ಟೂಲಿನಿಂದ ಇಳಿದಳು.

"ಚಿಕ್ಕಪ್ಪ, ನಾನು ಕೊಟ್ಟಿದ್ದು ತಪ್ಪು. ಬೆಳಕು ಕಂಡಿತ್ತು, ಇಲ್ಲ ಅಂದೆ. ಸ್ಟೂಲು ತಗಳಿ."

ಸೊಣ್ಣಪ್ಪ ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಹತ್ತಿ ಕೂತು, ಪಂಚೆ ಸರಿಮಾಡಿಕೊಂಡು, ಇಡೀ ರಸ್ತೆಗೆ ಕಾಣುವಂತೆ ಎದೆಯುಬ್ಬಿಸಿದ.

"ಇವಳು ಕೊಟ್ಟ ಬೋಲ್ಟು ಎಷ್ಟು ಸುತ್ತು ಓಯ್ತಪ್ಪ?" ಎಂದು ರಾಮಚಂದ್ರಪ್ಪ ಕೇಳಿದರು.

"ನಾಲ್ಕು. ಬೆರಳಿಗೆ ಬಿಗಿ ಅನ್ನಿಸ್ತು, ಬಿಟ್ಟೆ."

"ಸ್ಪ್ಯಾನರ್ ಆಕ್ಲಿಲ್ವಾ?"

"ಒಲ್ಲೆ ಅಂತಿತ್ತಲ್ಲ. ಯಾಕೆ ಆಕ್ಬೇಕು?"

ಮುನಿಗಂಗಮ್ಮ ಅವನನ್ನು ನೋಡಿದಳು. ಎರಡು ವರ್ಷದಲ್ಲಿ ಈ ಕೌಂಟರಿಗೆ ಬಂದ ಅಷ್ಟೂ ಗಂಡಸರಲ್ಲಿ, ಬಿಗಿಯಾದ ಕೂಡಲೇ ಕೈ ತೆಗೆದವನು ಇವನೊಬ್ಬನೇ. ಇವನು ನನಗೆ ಬೇಕು ಎನಿಸಿತು ಅವಳಿಗೆ. ಅಷ್ಟು ನೇರವಾಗಿ ಎನಿಸಿದ್ದಕ್ಕೆ ಅಲ್ಲಿ ನಿಲ್ಲಲಾಗದೆ ಬಾಗಿಲಾಚೆ ಬಂದಳು. ಅವನೂ ಹಿಂದೆಯೇ ಬಂದ.

"ನಿಮ್ ಸ್ಟೂಲು ನನ್ನಿಂದ ಓಯ್ತು."

"ನಿಮ್ಮಿಂದ ಅಲ್ಲ, ನನ್ನ ಕೊಬ್ಬಿನಿಂದ. ನಿಮಗೇನು ಅಂಥ ಶಕ್ತಿ ಇದೆ?"

"ಊರಿಗಾಂ ಸ್ಟೇಷನ್ ಅತ್ರ ಒಂದು ಶೆಡ್ ಮಾಡಿದ್ದೀನಿ. ಮಾರಿಸ್ ಅಲ್ಲೇ ಇದೆ. ಕೌಂಟರೂ ಇದೆ. ಕೂರೋರೇ ಇಲ್ಲ."

"ಕೆಲ್ಸಕ್ಕೆ ಕರೀತಿದ್ದೀರಾ, ಮದುವೆಗಾ?"

ಅವನ ಕಿವಿ ಕೆಂಪಾಯಿತು. "ಎರಡಕ್ಕೂ. ನಿಮ್ಮಪ್ಪನ್ನ ಕೇಳೋಣ ಅಂತ..."

"ಅಪ್ಪನ್ನ ಆಮೇಲೆ ಕೇಳಿ. ಮೊದ್ಲು ನನ್ನ ಕೇಳಿ."

"ಬತ್ತೀರಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯೊಳಗಿಂದ ಸೊಣ್ಣಪ್ಪನ ದನಿ ಬಂತು. ಯಾರೋ ಗಿರಾಕಿಗೆ ಹೇಳುತ್ತಿದ್ದ, "ಇನ್ನೊಸಿ ಬಲ ಬಿಡಪ್ಪ, ಕೂತ್ಕತದೆ!" ಅದರ ಬೆನ್ನಿಗೇ ಕಟಕ್ಕೆಂದು ಸದ್ದು.

ಇಬ್ಬರೂ ಒಟ್ಟಿಗೇ ಹಲ್ಲು ಕಚ್ಚಿದರು.

"ಅಮೆರಿಕನ್ ನಟ್ಟು" ಎಂದಳು.

"ಇಂಗ್ಲಿಷ್ ಬೋಲ್ಟು" ಎಂದ.

ಅವನು ಸೊಣ್ಣಪ್ಪನತ್ತ ತಿರುಗಿ ಮೂಗು ಮುರಿದ. ಅಪ್ಪಟ ಅವಳದೇ ತಾತ್ಸಾರ. ಇನ್ನೊಬ್ಬರ ಮುಖದಲ್ಲಿ ಅದು ಇಷ್ಟು ಚೆನ್ನಾಗಿ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಬತ್ತೀನಿ. ಇರಿ, ಗೇಜು ತಕಂಡು ಬತ್ತೀನಿ" ಎಂದಳು.